ಓಪನ್‌ಟಿಟಿಡಿ ಹಡಗುಗಳು ಕೈಕೊಟ್ಟಾಗ: ಲಕ್ಷಣ ಹಿಡಿದು ದೋಷ ಹುಡುಕುವ ಕೈಪಿಡಿ

ಸಾರಿಗೆ ಕಂಪನಿ ನಡೆಸುವ ಕಂಪ್ಯೂಟರ್ ಆಟ ಓಪನ್‌ಟಿಟಿಡಿಯಲ್ಲಿ ರೈಲು ಕಟ್ಟುವವರೇ ಹೆಚ್ಚು, ಹಡಗಿನ ಹತ್ತಿರ ಹೋಗುವವರು ಕಡಿಮೆ. ಹೋದವರೂ ಒಂದೆರಡು ಆಯಿಲ್ ಟ್ಯಾಂಕರ್ ಬಿಟ್ಟು, ಅವು ದಿಕ್ಕಾಪಾಲಾಗಿ ಅಲೆಯುವುದನ್ನು ನೋಡಿ, ಮತ್ತೆ ಹಳಿಗೆ ಮರಳುತ್ತಾರೆ. ಈ ಆಟದ ಮೂಲವಾದ, ಕ್ರಿಸ್ ಸಾಯರ್ ಅವರ 1995ರ ಟ್ರಾನ್ಸ್‌ಪೋರ್ಟ್ ಟೈಕೂನ್ ಡಿಲಕ್ಸ್‌ನಿಂದ ಬಂದ ಹಳೆಯ ಅಪಖ್ಯಾತಿ ಇದು. ಆ ಕಾಲಕ್ಕೆ ಅದು ನಿಜವೂ ಆಗಿತ್ತು. 2024ರಲ್ಲಿ ಬಂದ 14ನೇ ಆವೃತ್ತಿಯಲ್ಲಿ ಹಡಗುಗಳು ದಾರಿ ಹುಡುಕುವ ವಿಧಾನವನ್ನೇ ಬದಲಿಸಿದ್ದಾರೆ. ಈಗಲೂ ಹಡಗಿನ ಮಾರ್ಗ ಕೆಟ್ಟರೆ ಎಲ್ಲರೂ ಮೊದಲು ಬೈಯುವುದು ಆ ದಾರಿ ಹುಡುಕುವ ಭಾಗಕ್ಕೇ, ಅಂದರೆ ಪಾತ್‌ಫೈಂಡರ್‌ಗೇ. ನನ್ನ ಅಭಿಪ್ರಾಯದಲ್ಲಿ ದೋಷ ನೀರಿನಲ್ಲಿ ಇರುವುದಕ್ಕಿಂತ ದಡದಲ್ಲಿ ಇರುವುದೇ ಜಾಸ್ತಿ. ಡಾಕ್ ಎಲ್ಲಿದೆ, ಅದು ಏನನ್ನು ಸ್ವೀಕರಿಸುತ್ತದೆ, ಅಲ್ಲಿ ಕೊಟ್ಟ ಆರ್ಡರ್ ಏನು ಎಂಬಲ್ಲೇ ತೊಡಕು ಇರುತ್ತದೆ. ಹಾಗಾಗಿ ಕೆಳಗಿನ ಪ್ರತಿ ಲಕ್ಷಣಕ್ಕೂ ಹಣ ಖರ್ಚಾಗದ ಪರೀಕ್ಷೆಗಳನ್ನು ಮೊದಲು ಇಟ್ಟಿದ್ದೇನೆ. ಕಾಲುವೆ ತೋಡುವುದು, ಹೊಸ ಡಾಕ್ ಕಟ್ಟುವುದು ಕೊನೆಗೆ.

ಕೈ ಹಾಕುವ ಮುನ್ನ

ಆಟವನ್ನು ಹೊಸ ಹೆಸರಿನಲ್ಲಿ ಸೇವ್ ಮಾಡಿ. ಇದು ಔಪಚಾರಿಕ ಮಾತಲ್ಲ: ಓಪನ್‌ಟಿಟಿಡಿಯಲ್ಲಿ ಅನ್‌ಡೂ ಇಲ್ಲ. ಕಡಲ ಪಕ್ಕದ ನೆಲವನ್ನು ಸಮುದ್ರಮಟ್ಟಕ್ಕೆ ಇಳಿಸಿದರೆ ನೀರು ಒಳನುಗ್ಗುತ್ತದೆ. ಅಲ್ಲಿ ನಿಮ್ಮ ರೈಲು ಹಳಿ ಇದ್ದರೆ ಅದೂ ಹೋಯಿತು. ನದಿಯ ಚೌಕಗಳನ್ನು ಬುಲ್‌ಡೋಜರ್‌ನಿಂದ ಕೆಡವಬೇಡಿ. ಸಾಮಾನ್ಯ ಆಟದಲ್ಲಿ ನದಿಯನ್ನು ಮತ್ತೆ ಕಟ್ಟಲು ಬರುವುದಿಲ್ಲ, ಕಾಲುವೆ ಮಾತ್ರ ತೋಡಬಹುದು. ನಡೆಯುತ್ತಿರುವ ಆಟಕ್ಕೆ ಆಟಗಾರರು ಮಾಡಿದ ಹೆಚ್ಚುವರಿ ಕಡತ, ಅಂದರೆ ಹೊಸ ನ್ಯೂಜಿಆರ್‌ಎಫ್ ಸೇರಿಸುವುದು, ಇರುವುದನ್ನು ತೆಗೆಯುವುದು ಇನ್ನೂ ಅಪಾಯ. ಹಾಗೆ ಮಾಡಹೊರಟರೆ ಆಟವೇ ಎಚ್ಚರಿಸುತ್ತದೆ, ಆ ಎಚ್ಚರಿಕೆಯನ್ನು ನಂಬಿ.

ಇನ್ನೊಂದು ಮಾತು, ಹಂಚಿಕೊಂಡ ಆರ್ಡರ್‌ಗಳ ಬಗ್ಗೆ. ಕಂಟ್ರೋಲ್ ಒತ್ತಿ ಕ್ಲೋನ್ ಮಾಡಿದ ಹಡಗುಗಳೆಲ್ಲ ಒಂದೇ ಆರ್ಡರ್ ಪಟ್ಟಿ ಬಳಸುತ್ತವೆ. ಒಂದರಲ್ಲಿ ತಿದ್ದಿದರೆ ಅಷ್ಟೂ ಹಡಗುಗಳಲ್ಲಿ ಅದೇ ಗಳಿಗೆಯಲ್ಲಿ ಬದಲಾಗುತ್ತದೆ. ಪರೀಕ್ಷೆಗೆಂದು ಒಂದೇ ಹಡಗಿನ ಆರ್ಡರ್ ತಿದ್ದಬೇಕಿದ್ದರೆ, ಪಟ್ಟಿಯ ಕೊನೆಯಲ್ಲಿರುವ 'ಎಂಡ್ ಆಫ್ ಶೇರ್ಡ್ ಆರ್ಡರ್ಸ್' ಸಾಲನ್ನು ಆರಿಸಿ 'ಸ್ಟಾಪ್ ಶೇರಿಂಗ್' ಒತ್ತಿ, ಆಮೇಲೆ ತಿದ್ದಿ.

ಲಕ್ಷಣ: ಹೊಸ ಹಡಗು ಡಿಪೋ ಬಿಟ್ಟು ಕದಲುವುದೇ ಇಲ್ಲ

ಹಡಗಿನ ಕಿಟಕಿಯ ಕೆಳಪಟ್ಟಿಯನ್ನು ಓದಿ. 'ಸ್ಟಾಪ್ಡ್' ಎಂದಿದ್ದರೆ ಆ ಪಟ್ಟಿಯ ಮೇಲೆ ಒಂದು ಕ್ಲಿಕ್ ಸಾಕು. ಕೊಂಡ ಹಡಗು ಯಾವಾಗಲೂ ನಿಂತ ಸ್ಥಿತಿಯಲ್ಲೇ ಬರುತ್ತದೆ. ಕ್ಲಿಕ್ ಮಾಡಿದ ಮೇಲೂ ಹೊರಬಂದು ಮತ್ತೆ ಒಳಹೊಕ್ಕು ಆಡುತ್ತಿದ್ದರೆ ಡಿಪೋದ ಎರಡೂ ತುದಿ ನೋಡಿ. ಹಡಗಿನ ಡಿಪೋ ಎರಡು ಚೌಕದ ಉದ್ದ, ಬಾಗಿಲು ಆ ಉದ್ದದ ದಿಕ್ಕಿಗೇ ಇರುತ್ತದೆ. ಕಿರಿದಾದ ಕೊಲ್ಲಿಯಲ್ಲಿ ಅಡ್ಡಡ್ಡ ಇಟ್ಟರೆ ಎರಡು ಕಡೆಯೂ ದಡವೇ ಎದುರಾಗುತ್ತದೆ. ಕೆಡವಿ, ತಿರುಗಿಸಿ ಇಡಿ. ಇದರಾಚೆಗೆ ಈ ಲಕ್ಷಣದಲ್ಲಿ ಗುಟ್ಟೇನೂ ಇಲ್ಲ.

ಲಕ್ಷಣ: 'ಶಿಪ್ ಈಸ್ ಲಾಸ್ಟ್' ಎಂಬ ಸುದ್ದಿ, ಹಡಗು ಒಂದೇ ಜಾಗದಲ್ಲಿ ಸುತ್ತುತ್ತದೆ

ಈ ಸಂದೇಶ ಬಂದರೆ ಅರ್ಥ ಒಂದೇ: ಮುಂದಿನ ಗುರಿಗೆ ನೀರಿನ ದಾರಿ ಸಿಗುತ್ತಿಲ್ಲ. ಹಡಗು ನಿಧಾನ, ದಟ್ಟಣೆ ಹೆಚ್ಚು ಇತ್ಯಾದಿ ಕಾರಣಗಳಿಗೆ ಈ ಸುದ್ದಿ ಬರುವುದಿಲ್ಲ. ಹಡಗುಗಳು ಈ ಆಟದಲ್ಲಿ ಒಂದಕ್ಕೊಂದು ಅಡ್ಡ ಬರುವುದೂ ಇಲ್ಲ, ಒಂದರ ಮೇಲೊಂದು ದಾಟಿ ಹೋಗುತ್ತವೆ. ಆದ್ದರಿಂದ 'ಟ್ರಾಫಿಕ್ ಜಾಮ್' ಎಂಬ ಅನುಮಾನವನ್ನು ಈಗಲೇ ಬಿಡಿ.

ಮೊದಲು ಆರ್ಡರ್ ಪಟ್ಟಿ ತೆರೆಯಿರಿ. ಯಾವುದಾದರೂ ಸಾಲಿನಲ್ಲಿ ಆ ನಿಲ್ದಾಣವನ್ನು ಬಳಸಲಾಗದು ಎಂಬ ಸೂಚನೆ ಇದೆಯೇ? ಡಾಕ್ ಕೆಡವಿ ಬೇರೆಡೆ ಕಟ್ಟಿದಾಗ ಹೀಗಾಗುತ್ತದೆ. ಹಳೆಯ ನಿಲ್ದಾಣದ ಹೆಸರು ಸ್ವಲ್ಪ ಕಾಲ ನಕ್ಷೆಯ ಮೇಲೆ ಉಳಿದಿರುತ್ತದೆ. ಹಡಗು ಹೆಸರು ನಂಬಿ ಹೊರಟರೆ ಅಲ್ಲಿ ನಿಲ್ಲಲು ಡಾಕೇ ಇಲ್ಲ. ಹೆಸರು ಮಾಸುವ ಮೊದಲು ಅದರ ಹತ್ತಿರವೇ ಹೊಸ ಡಾಕ್ ಕಟ್ಟಿದರೆ ಹಳೆಯ ನಿಲ್ದಾಣವೇ ಮತ್ತೆ ಜೀವ ಪಡೆಯುತ್ತದೆ, ಆರ್ಡರ್ ತಿದ್ದುವ ಕೆಲಸ ಉಳಿಯುತ್ತದೆ. ಆಯಿಲ್ ರಿಗ್‌ನ ವಿಷಯ ಬೇರೆ. ರಿಗ್ ತನ್ನದೇ ಡಾಕ್ ಹೊತ್ತು ಬರುತ್ತದೆ, ಅದು ಯಾವ ಕಂಪನಿಗೂ ಸೇರಿದ್ದಲ್ಲ. ರಿಗ್ ಮುಚ್ಚಿದರೆ ನಿಲ್ದಾಣವೂ ಹೋಗುತ್ತದೆ. ಅಲ್ಲಿ ದುರಸ್ತಿಗೆ ಏನೂ ಉಳಿಯುವುದಿಲ್ಲ, ಹಡಗನ್ನು ಬೇರೆ ರಿಗ್‌ಗೆ ಕಳಿಸಿ.

ಆರ್ಡರ್ ಸರಿಯಿದ್ದರೆ ನೀರಿಗೆ ಇಳಿಯೋಣ. ಭೂಮಾಹಿತಿ ಸಾಧನ, ಅಂದರೆ ಪ್ರಶ್ನೆ ಚಿಹ್ನೆಯ ಗುಂಡಿ, ಪುಕ್ಕಟೆ. ಅದನ್ನು ಹಿಡಿದು ಹಡಗಿನ ದಾರಿಯ ಇಕ್ಕಟ್ಟಾದ ಜಾಗಗಳಲ್ಲಿ ಒಂದೊಂದೇ ಚೌಕ ಕ್ಲಿಕ್ ಮಾಡುತ್ತ ಹೋಗಿ. 'ವಾಟರ್' ಎಂದು ಬಂದರೆ ಸರಿ. 'ಕೋಸ್ಟ್ ಆರ್ ರಿವರ್‌ಬ್ಯಾಂಕ್' ಎಂದು ಬಂದಲ್ಲಿ ಅನುಮಾನಿಸಿ. ದಡದ ಚೌಕ ನೋಡಲು ಅರ್ಧ ನೀರು, ಅರ್ಧ ನೆಲ. ಅದರ ಒಂದೇ ಮೂಲೆ ಎತ್ತರವಿದ್ದರೆ ಹಡಗು ಆ ಮೂಲೆಯನ್ನು ಸವರಿಕೊಂಡು ದಾಟಬಲ್ಲದು. ಎರಡು ಮೂಲೆ ಎತ್ತರವಿದ್ದರೆ ಅದು ಗೋಡೆ. ಕಣ್ಣಿಗೆ ತೆರೆದಂತೆ ಕಾಣುವ ಎಷ್ಟೋ ಜಲಸಂಧಿಗಳು ಹೀಗೆ ಮುಚ್ಚಿರುತ್ತವೆ. ಇನ್ನೂ ಅನುಮಾನವಿದ್ದರೆ ಆ ಚೌಕದ ಮೇಲೆ ಒಂದು ಬಾಯ್, ಅಂದರೆ ತೇಲುಗುರುತು, ಇಡಲು ನೋಡಿ. ಸಮತಟ್ಟಾದ ನೀರಿನ ಮೇಲಷ್ಟೇ ಅದನ್ನು ಇಡಲು ಸಾಧ್ಯ.

ಸೇತುವೆಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಎಷ್ಟೇ ತಗ್ಗಿನ ಸೇತುವೆಯಾದರೂ ಹಡಗು ಅಡಿಯಲ್ಲಿ ನುಸುಳುತ್ತದೆ. ಕಾಲುವೆ, ನದಿ ಇರುವ ಮಾರ್ಗದಲ್ಲಿ ಲಾಕ್, ಅಂದರೆ ಹಡಗನ್ನು ಒಂದು ನೀರಿನ ಮಟ್ಟದಿಂದ ಇನ್ನೊಂದಕ್ಕೆ ದಾಟಿಸುವ ಕಟ್ಟೆ, ಇದೆಯೇ ನೋಡಿ. ಇಳಿಜಾರಿನ ನೀರಿನಲ್ಲಿ ಹಡಗು ಹತ್ತುವುದಿಲ್ಲ, ಇಳಿಯುವುದೂ ಇಲ್ಲ. ಪ್ರತಿ ಇಳಿಜಾರಿಗೂ ಒಂದು ಲಾಕ್ ಬೇಕು. ಲಾಕ್ ಮೂರು ಚೌಕ ಹಿಡಿಯುತ್ತದೆ. ಹಾಗಾಗಿ ಎರಡು ಇಳಿಜಾರು ಒಂದಕ್ಕೊಂದು ಅಂಟಿಕೊಂಡಿದ್ದರೆ ಎರಡನೇ ಲಾಕ್‌ಗೆ ಜಾಗವೇ ಸಾಲದು. ನದಿ ದಾರಿ ಹಿಡಿದವರು ಎಡವುವುದು ಇಲ್ಲಿ: ನದಿ ನಕ್ಷೆಯಲ್ಲಿ ಕಡಲಿನವರೆಗೂ ಹರಿದಿರುತ್ತದೆ, ನಡುವಿನ ಒಂದು ಇಳಿಜಾರು ಮಾತ್ರ ಕಣ್ಣು ತಪ್ಪಿಸಿಕೊಂಡಿರುತ್ತದೆ.

ಇಷ್ಟೆಲ್ಲ ಸರಿಯಿದ್ದೂ ಹಡಗು ಅಲೆದರೆ ನಿಮ್ಮ ಆವೃತ್ತಿ ಯಾವುದೆಂದು ನೋಡಿ. 14ಕ್ಕಿಂತ ಹಳೆಯದಾದರೆ ಉದ್ದದ ದಾರಿಗಳಿಗೆ ನಡುನಡುವೆ ಬಾಯ್ ಇಟ್ಟು ಅವನ್ನೂ ಆರ್ಡರ್ ಪಟ್ಟಿಗೆ ಸೇರಿಸುವುದೇ ಮದ್ದು. ಭೂಶಿರ, ದ್ವೀಪ, ಕೊಲ್ಲಿಯ ಬಾಯಿ, ಹೀಗೆ ತಿರುವು ಇರುವಲ್ಲೆಲ್ಲ ಒಂದೊಂದು. 14ರಿಂದ ಈಚೆಗೆ ಆಟ ನಕ್ಷೆಯ ನೀರನ್ನು 16×16 ಚೌಕಗಳ ವಲಯಗಳಾಗಿ ವಿಂಗಡಿಸಿಕೊಳ್ಳುತ್ತದೆ. ಮೊದಲು ಯಾವ ವಲಯದಿಂದ ಯಾವ ವಲಯಕ್ಕೆ ಹೋಗಬೇಕೆಂದು ನಿರ್ಧರಿಸಿ, ಆಮೇಲೆ ಚೌಕದ ಮಟ್ಟದ ದಾರಿ ಹುಡುಕುತ್ತದೆ. ಹಾಗಾಗಿ ಬಾಯ್ ಅನಿವಾರ್ಯವಲ್ಲ. ಅಂದಮಾತ್ರಕ್ಕೆ ಹಳೆಯ ಸೇವ್‌ನಲ್ಲಿರುವ ಬಾಯ್‌ಗಳನ್ನೆಲ್ಲ ಕಿತ್ತೊಗೆಯುವ ಉತ್ಸಾಹ ಬೇಡ. ಬೇರೆ ಕಂಪನಿಯ ಆರ್ಡರ್‌ನಲ್ಲಿ ಇನ್ನೂ ಬಳಕೆಯಲ್ಲಿರುವ ಬಾಯ್ ತೆಗೆಯಲು ಆಟ ಒಪ್ಪುವುದಿಲ್ಲ, ಸುಮ್ಮನೆ ಇದ್ದರೆ ಅದರಿಂದ ತೊಂದರೆಯೂ ಇಲ್ಲ.

ಕೊನೆಯ, ದುಬಾರಿ ಉಪಾಯ: ಅಡ್ಡಬಂದ ನೆಲವನ್ನು ಕಾಲುವೆಯಿಂದ ಸೀಳುವುದು. ಅದಕ್ಕೆ ಮುನ್ನ ಒಂದು ಅಗ್ಗದ ಹಡಗಿಗೆ ಆ ಇಕ್ಕಟ್ಟಿನ ಈಚೆಯ ಬಾಯ್‌ವರೆಗೆ ಮಾತ್ರ ಆರ್ಡರ್ ಕೊಟ್ಟು, ಆಮೇಲೆ ಆಚೆಯ ಬಾಯ್‌ಗೆ ಕಳಿಸಿ ನೋಡಿ. ಎಲ್ಲಿ ನಿಲ್ಲುತ್ತದೋ ಅಲ್ಲೇ ಅಗೆಯಿರಿ.

ಲಕ್ಷಣ: ಹಡಗು ಡಾಕ್‌ಗೆ ಬಂದು ವರ್ಷಗಟ್ಟಲೆ ತುಂಬುತ್ತಲೇ ಇದೆ

ಕೆಳಪಟ್ಟಿಯಲ್ಲಿ 'ಲೋಡಿಂಗ್', ಶೇಕಡಾವಾರು ಮಾತ್ರ ಏರುವುದಿಲ್ಲ. ಇದನ್ನು ಯಾಂತ್ರಿಕ ದೋಷ ಎಂದುಕೊಂಡು ಹಡಗು ಮಾರಿ ಹೊಸದು ಕೊಳ್ಳುವವರಿದ್ದಾರೆ. ಹೊಸದೂ ಅಲ್ಲೇ ನಿಲ್ಲುತ್ತದೆ.

ಸೊನ್ನೆಯಲ್ಲೇ ಇದೆಯೋ, ನಿಧಾನವಾಗಿ ಏರುತ್ತಿದೆಯೋ ನೋಡಿ. ಇವೆರಡಕ್ಕೂ ಕಾರಣ ಬೇರೆ ಬೇರೆ.

ಸೊನ್ನೆಯಲ್ಲೇ ಇದ್ದರೆ, ಹಡಗು ಯಾವ ಸರಕಿಗೆ ಸಿದ್ಧವಾಗಿದೆ ಎಂದು ಮಾಹಿತಿ ಕಿಟಕಿಯಲ್ಲಿ ಓದಿ. ಸರಕು ಹಡಗನ್ನು ಕೊಳ್ಳುವಾಗ ಅದರಲ್ಲಿ ಬರುವ ಸರಕು ನಿಮಗೆ ಬೇಕಾದ್ದೇ ಆಗಿರಬೇಕೆಂದಿಲ್ಲ. ಬೇರೆಯಾಗಿದ್ದರೆ ಡಿಪೋದಲ್ಲಿ ನಿಲ್ಲಿಸಿ ರಿಫಿಟ್ ಮಾಡಬೇಕು, ಅಂದರೆ ಬೇಕಾದ ಸರಕಿಗೆ ಬದಲಿಸಬೇಕು. ಸರಕು ಸರಿಯಿದ್ದರೆ ಡಾಕ್‌ನ ವ್ಯಾಪ್ತಿ ನೋಡಿ. ಡಾಕ್‌ನ ವ್ಯಾಪ್ತಿ 5 ಚೌಕ. ರೈಲು ನಿಲ್ದಾಣದ 4, ಬಸ್ಸು ಲಾರಿ ನಿಲ್ದಾಣಗಳ 3ಕ್ಕಿಂತ ಇದು ದೊಡ್ಡದು. ಆದರೂ ಗಣಿಯ ಒಂದು ಚೌಕವಾದರೂ ಅದರೊಳಗೆ ಬೀಳದಿದ್ದರೆ ಏನೂ ಬಾರದು. ಡಾಕ್ ಕಿಟಕಿಯಲ್ಲಿ ವ್ಯಾಪ್ತಿ ತೋರಿಸುವ ಗುಂಡಿ ಒತ್ತಿದರೆ ತಕ್ಷಣ ತಿಳಿಯುತ್ತದೆ. ಇನ್ನೊಂದು ಗೊಂದಲ ಹೊಸಬರಿಗೆ ಸಹಜ: ಡಾಕ್ ಕಟ್ಟಿದ ಕೂಡಲೇ ಸರಕು ರಾಶಿ ಬೀಳುವುದಿಲ್ಲ. ಆ ಸರಕನ್ನು ಒಯ್ಯುವ ಹಡಗು ಒಮ್ಮೆ ಬಂದು ತುಂಬಲು ನಿಂತ ಮೇಲೆಯೇ ಗಣಿ ಅಲ್ಲಿಗೆ ಸರಕು ಕಳಿಸಲು ಶುರುಮಾಡುತ್ತದೆ. ಖಾಲಿ ಡಾಕ್ ನೋಡಿ ಅದನ್ನು ಕೆಡವಬೇಡಿ.

ನಿಧಾನವಾಗಿ ಏರುತ್ತಿದ್ದರೆ ಅದು ರೇಟಿಂಗ್‌ನ ಪ್ರಶ್ನೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಹಡಗಿನ ವ್ಯವಹಾರ ನಿಂತಿರುವುದೇ ಇದರ ಮೇಲೆ. ಗಣಿ ಉತ್ಪಾದಿಸಿದ್ದರಲ್ಲಿ ನಿಮ್ಮ ಡಾಕ್‌ಗೆ ಎಷ್ಟು ಪಾಲು ಸೇರಬೇಕು ಎಂಬುದನ್ನು ಡಾಕ್‌ನ ರೇಟಿಂಗ್ ನಿರ್ಧರಿಸುತ್ತದೆ. ರೇಟಿಂಗ್‌ನಲ್ಲಿ ಅತಿ ದೊಡ್ಡ ಭಾಗ, ಸುಮಾರು 51%, ಕೊನೆಯ ಹಡಗು ಸರಕು ಎತ್ತಿ ಎಷ್ಟು ದಿನವಾಯಿತು ಎಂಬುದರಿಂದ ಬರುತ್ತದೆ. ಹಡಗುಗಳ ಮಟ್ಟಿಗೆ ಆಟ ಇಲ್ಲಿ ಉದಾರಿ: ಕೊನೆಗೆ ಸರಕು ಎತ್ತಿದ್ದು ಹಡಗಾಗಿದ್ದರೆ ಕಾದ ಸಮಯವನ್ನು ನಾಲ್ಕರಿಂದ ಭಾಗಿಸಿ ಲೆಕ್ಕ ಹಿಡಿಯುತ್ತದೆ. ರೈಲಿಗೆ ಏಳೂವರೆ ದಿನಕ್ಕೆ ಕರಗಲು ಶುರುವಾಗುವ ಪೂರ್ತಿ ಅಂಕ ಹಡಗಿಗೆ ಸುಮಾರು ಒಂದು ತಿಂಗಳು ಉಳಿಯುತ್ತದೆ. ಕಾಯುತ್ತಿರುವ ಸರಕು ಕಡಿಮೆಯಿದ್ದರೆ 16% ವರೆಗೆ, ಹಡಗು ಹೊಸದಾಗಿದ್ದರೆ 13% ವರೆಗೆ, ಊರಿನಲ್ಲಿ ನಿಮ್ಮ ಪ್ರತಿಮೆ ಇದ್ದರೆ 10%. ವೇಗಕ್ಕೂ ಅಂಕಗಳಿವೆ, ಆದರೆ ಗಂಟೆಗೆ 48 ಕಿ.ಮೀ. ಓಡುವ ಎಂಪಿಎಸ್ ಆಯಿಲ್ ಟ್ಯಾಂಕರ್‌ಗೆ ಅದರಲ್ಲಿ ಸೊನ್ನೆ. ಇನ್ನೊಂದು ಬದಿಯಲ್ಲಿ, ಡಾಕ್‌ನಲ್ಲಿ 1500ಕ್ಕಿಂತ ಹೆಚ್ಚು ಸರಕು ಕೊಳೆಯುತ್ತಿದ್ದರೆ 35% ಕಡಿತ.

ಇದರ ಪ್ರಾಯೋಗಿಕ ಅರ್ಥ: ಒಂದು ಹಡಗು ಸದಾ ಡಾಕ್‌ನಲ್ಲಿ 'ಫುಲ್ ಲೋಡ್' ಆರ್ಡರ್‌ನೊಂದಿಗೆ ನಿಂತಿದ್ದರೆ ರೇಟಿಂಗ್ ಬೀಳುವುದಿಲ್ಲ. ನಿಂತ ಹಡಗನ್ನು ಕಂಡು ದೋಷವೆನ್ನುತ್ತೇವಲ್ಲ, ಅದು ಹೆಚ್ಚಿನ ಸಲ ದೋಷವಲ್ಲ. ಒಂದು ತುಂಬಿ ಹೊರಡುವಷ್ಟರಲ್ಲಿ ಇನ್ನೊಂದು ಬಂದು ನಿಲ್ಲುವಂತಿದ್ದರೆ ಮಾರ್ಗ ಆರೋಗ್ಯವಾಗಿದೆ. ಮೂರನೆಯದು, ನಾಲ್ಕನೆಯದು ಬಂದು ಕಾಯತೊಡಗಿದರೆ ಹಡಗು ಜಾಸ್ತಿಯಾಗಿವೆ, ಒಂದೆರಡನ್ನು ಮಾರಿ. ಒಂದೇ ಹಡಗಿದ್ದು ಅದೂ ತುಂಬುತ್ತಿಲ್ಲವೆಂದರೆ ಗಣಿಯ ಕಿಟಕಿಯಲ್ಲಿ ತಿಂಗಳ ಉತ್ಪಾದನೆ ನೋಡಿ. ಎಂಪಿಎಸ್ ಟ್ಯಾಂಕರ್ ಹಿಡಿಸುವುದು 2,20,000 ಲೀಟರ್. ತಿಂಗಳಿಗೆ ಕೆಲವೇ ಸಾವಿರ ಲೀಟರ್ ಕೊಡುವ ಬಾವಿಯ ಪಕ್ಕ ಅದನ್ನು ನಿಲ್ಲಿಸಿದರೆ ಕಾಯುವುದೇ ಅದರ ಉದ್ಯೋಗ. ಅದೇ ಗಣಿಗೆ ಎದುರಾಳಿ ಕಂಪನಿಯ ನಿಲ್ದಾಣವೂ ಇದ್ದರೆ ಪಾಲು ಹಂಚಿಹೋಗುತ್ತದೆ, ಅದನ್ನೂ ಗಮನಿಸಿ.

ಪಟ್ಟಿಯಲ್ಲಿ 'ಫುಲ್ ಲೋಡ್ ಆಲ್', 'ಫುಲ್ ಲೋಡ್ ಎನಿ' ಎಂದು ಎರಡಿವೆ. ಆಟದ ಮೂಲ ಹಡಗುಗಳು ಒಂದೇ ಬಗೆಯ ಸರಕು ಒಯ್ಯುವುದರಿಂದ ಯಾವುದನ್ನು ಹಾಕಿದರೂ ಒಂದೇ. ಅಲ್ಲಿ ಸಮಯ ಕಳೆಯಬೇಡಿ.

ಲಕ್ಷಣ: ತುಂಬಿದ ಹಡಗು ಹೋಗಿ, ತುಂಬಿಕೊಂಡೇ ವಾಪಸ್ ಬರುತ್ತದೆ

ಹೊರಟಾಗ ನೂರಕ್ಕೆ ನೂರು, ಬರುವಾಗಲೂ ನೂರು. ಆದಾಯದ ಹಸಿರು ಸಂಖ್ಯೆ ಎಲ್ಲಿಯೂ ಚಿಮ್ಮುವುದಿಲ್ಲ. ಕಾರಣ ಖಚಿತ: ಇಳಿಸಬೇಕಾದ ಡಾಕ್ ಆ ಸರಕನ್ನು ಸ್ವೀಕರಿಸುವುದಿಲ್ಲ. ಡಾಕ್‌ನ ಕಿಟಕಿಯಲ್ಲಿ 'ಅಕ್ಸೆಪ್ಟ್ಸ್' ಸಾಲು ಓದಿ. ರಿಫೈನರಿ ಕಣ್ಣಿಗೆ ಹತ್ತಿರವೇ ಕಂಡರೂ ಅದರ ಸಾಕಷ್ಟು ಚೌಕಗಳು ವ್ಯಾಪ್ತಿಯಲ್ಲಿ ಬರದಿದ್ದರೆ ಸ್ವೀಕಾರದ ಅಂಕ ಬೇಕಾದ 8ಕ್ಕೆ 8 ಮುಟ್ಟುವುದಿಲ್ಲ, ಆ ಸಾಲಿನಲ್ಲಿ ಎಣ್ಣೆಯ ಹೆಸರು ಕಾಣುವುದಿಲ್ಲ. ಪರಿಹಾರ ಡಾಕ್ ಸರಿಸುವುದು. ಇಲ್ಲವೇ ರಿಫೈನರಿಗೆ ಅಂಟಿಕೊಂಡಂತೆ ಒಂದು ಸಣ್ಣ ಲಾರಿ ನಿಲ್ದಾಣ ಕಟ್ಟಿ, ಕಂಟ್ರೋಲ್ ಒತ್ತಿ ಅದನ್ನು ಡಾಕ್‌ನ ನಿಲ್ದಾಣಕ್ಕೇ ಸೇರಿಸುವುದು. ಎರಡನೆಯದು ಅಗ್ಗ. ನಿಲ್ದಾಣದ ವ್ಯಾಪ್ತಿ ಎಲ್ಲ ಭಾಗಗಳ ವ್ಯಾಪ್ತಿ ಸೇರಿ ಆಗುವುದರಿಂದ ಹಡಗು ತಾನು ನಿಂತಲ್ಲೇ ಇಳಿಸುತ್ತದೆ.

ಇದರ ಸೋದರ ಲಕ್ಷಣ ಒಂದಿದೆ, ಇನ್ನಷ್ಟು ತಲೆ ತಿನ್ನುತ್ತದೆ. ಹಡಗು ಡಾಕ್‌ನಲ್ಲಿ ಸರಕು ಇಳಿಸುತ್ತದೆ, ಮರುಕ್ಷಣ ಅದನ್ನೇ ಹತ್ತಿಸಿಕೊಂಡು ಹೊರಡುತ್ತದೆ. ಹಡಗಿನಿಂದ ರೈಲಿಗೆ ಸರಕು ದಾಟಿಸುವ ಮಾರ್ಗಗಳಲ್ಲಿ ಇದು ಮಾಮೂಲು. ಇಲ್ಲಿ ನಡು ಡಾಕ್ ಸರಕನ್ನು ಸ್ವೀಕರಿಸುವುದಿಲ್ಲ, ಇಟ್ಟುಕೊಳ್ಳುತ್ತದೆ ಅಷ್ಟೇ. 'ಅನ್‌ಲೋಡ್ ಆಲ್' ಎಂದಷ್ಟೇ ಆರ್ಡರ್ ಇದ್ದರೆ ಹಡಗು ಇಳಿಸುತ್ತದೆ. ಆಮೇಲೆ 'ಸಿಕ್ಕರೆ ತುಂಬಿಕೋ' ಎಂಬ ಮಾಮೂಲಿ ನಿಯಮದಂತೆ, ಕೈಗೆ ಸಿಕ್ಕಿದ್ದನ್ನು ತುಂಬಿಕೊಳ್ಳುತ್ತದೆ. ಸಿಕ್ಕುವುದು ತಾನೇ ಇಳಿಸಿದ ಎಣ್ಣೆ. ಅಲ್ಲಿ ಹಾಕಬೇಕಾದ್ದು 'ಟ್ರಾನ್ಸ್‌ಫರ್ ಆಂಡ್ ಲೀವ್ ಎಂಪ್ಟಿ'. ಆಗ ಹಳದಿ ಬಣ್ಣದಲ್ಲಿ ಒಂದು ಮೊತ್ತ ಕಾಣುತ್ತದೆ. ಅದು ಕೈಗೆ ಬಂದ ಹಣವಲ್ಲ, ಒಟ್ಟು ಬಾಡಿಗೆಯಲ್ಲಿ ಈ ಹಡಗಿನ ಪಾಲಿನ ಲೆಕ್ಕ. ನಿಜವಾದ ಹಣ ಬರುವುದು ಕೊನೆಯ ರೈಲು ಸರಕು ಮುಟ್ಟಿಸಿದಾಗ. ಆ ಕೊನೆಯ ರೈಲಿನ ಲಾಭ ಕೆಂಪಾಗಿ ಕಂಡರೂ ಗಾಬರಿ ಬೇಡ, ಪಾಲು ಹಂಚುವಾಗ ಅದು ಸಹಜ. ಕಂಪನಿಯ ಒಟ್ಟು ಹಣ ಏರುತ್ತಿದೆಯೇ ಎಂದಷ್ಟೇ ನೋಡಿ.

ಲಕ್ಷಣ: ಎಲ್ಲ ಸರಿಯಾಗಿ ಓಡುತ್ತಿದೆ, ಆದರೂ ವರ್ಷದ ಕೊನೆಗೆ ನಷ್ಟ

ಮೊದಲು ಕೇಳಬೇಕಾದ್ದು: ಯಾವ ಸರಕು? ಬಾಡಿಗೆ ಕಾಲದೊಂದಿಗೆ ಇಳಿಯುತ್ತದೆ, ಎಲ್ಲ ಸರಕಿಗೂ ಒಂದೇ ವೇಗದಲ್ಲಿ ಅಲ್ಲ. ಟೆಂಪರೇಟ್ ಹವಾಮಾನದಲ್ಲಿ ಎಣ್ಣೆಗೆ ಸುಮಾರು 62 ದಿನದವರೆಗೆ ಕಡಿತವೇ ಇಲ್ಲ, ಆಮೇಲೂ ಇಳಿಕೆ ನಿಧಾನ. ಮರಕ್ಕೆ 37, ಕಬ್ಬಿಣದ ಅದಿರಿಗೆ 22, ಕಲ್ಲಿದ್ದಲಿಗೆ 17 ದಿನ. ಗೂಡ್ಸ್‌ಗೆ 12 ಮಾತ್ರ. ಪ್ರಯಾಣಿಕರಿಗೆ ಮೊದಲ ದಿನದಿಂದಲೇ ಇಳಿಯಲು ಶುರು, 60 ದಿನ ದಾಟಿದರೆ ಇಳಿಕೆಯ ವೇಗ ಇಮ್ಮಡಿ. ಎಷ್ಟೇ ತಡವಾದರೂ ಬಾಡಿಗೆ ಸುಮಾರು 12%ಕ್ಕಿಂತ ಕೆಳಗೆ ಹೋಗುವುದಿಲ್ಲ, ಆದರೆ ಅದರಲ್ಲಿ ಹಡಗಿನ ವಾರ್ಷಿಕ ಖರ್ಚು ಹೊರಡುವುದು ಕಷ್ಟ. ನಿಧಾನದ ಹಡಗಿಗೆ ಎಣ್ಣೆ ಹೇಳಿ ಮಾಡಿಸಿದ್ದು. ಪ್ರಯಾಣಿಕರನ್ನು ನಕ್ಷೆಯ ಆ ತುದಿಗೆ ಒಯ್ಯುವ ಫೆರ್ರಿ ಶುದ್ಧ ವ್ಯಸನ.

ನಿಮ್ಮ ಹಡಗು ಎಷ್ಟು ದಿನ ತೆಗೆದುಕೊಳ್ಳುತ್ತಿದೆ ಎಂದು ಊಹಿಸಬೇಡಿ, ಅಳೆಯಿರಿ. ಟೈಮ್‌ಟೇಬಲ್ ಕಿಟಕಿ ತೆರೆದು 'ಆಟೋಫಿಲ್' ಒತ್ತಿ ಹಡಗನ್ನು ಒಂದು ಸುತ್ತು ಓಡಲು ಬಿಟ್ಟರೆ ಪ್ರತಿ ಹಂತದ ದಿನಗಳು ತಾವಾಗಿ ತುಂಬಿಕೊಳ್ಳುತ್ತವೆ. ಆಟದ ಒಂದು ದಿನ ನಮ್ಮ ಸುಮಾರು 2 ಸೆಕೆಂಡ್, ಹಾಗಾಗಿ ಇದು ಚಹಾ ಕುಡಿದು ಬರುವಷ್ಟರ ಕೆಲಸ.

ಇನ್ನು ದೂರ. ಬಾಡಿಗೆ ಎರಡು ನಿಲ್ದಾಣಗಳ ನಡುವಿನ ಅಡ್ಡ ಚೌಕ, ಉದ್ದ ಚೌಕಗಳ ಮೊತ್ತದ ಮೇಲೆ ಸಿಗುತ್ತದೆ, ಹಡಗು ಕ್ರಮಿಸಿದ ದಾರಿಯ ಮೇಲಲ್ಲ. ಭೂಶಿರ ಬಳಸಿ 200 ಚೌಕ ಸುತ್ತಿ ಬಂದರೂ ಎರಡು ಡಾಕ್‌ಗಳ ನಡುವೆ ಲೆಕ್ಕಕ್ಕೆ 40 ಚೌಕ ಇದ್ದರೆ 40ಕ್ಕೇ ದುಡ್ಡು. ಹೀಗೆ ಬಳಸಿ ಬರುವ ದಾರಿಯಲ್ಲಿ ಭೂಶಿರದ ಬುಡದಲ್ಲಿ ಒಂದು ಕಾಲುವೆ ತೋಡುವುದು ನಿಜಕ್ಕೂ ಲಾಭದ ಕೆಲಸ. ಲಾಕ್‌ಗಳಲ್ಲಿ ಹಡಗು ತಡವರಿಸುತ್ತದೆ, ಆದ್ದರಿಂದ ಸಾಧ್ಯವಾದರೆ ಸಮುದ್ರಮಟ್ಟದ ಚಪ್ಪಟೆ ನೆಲ ಆರಿಸಿ. ಸಾಲ ಮಾಡಿ ಕಾಲುವೆ ತೋಡುವ ಮುಂಚೆ ಮಾತ್ರ ಅದೇ ಹಣಕ್ಕೆ ಇನ್ನೂ ದೂರದ ರಿಫೈನರಿಗೆ ಎರಡು ಹಡಗು ಬಿಡಬಹುದೇ ಎಂದು ಯೋಚಿಸಿ. ನಾನಾದರೆ ಹಡಗನ್ನೇ ಆರಿಸುತ್ತೇನೆ.

ಲಕ್ಷಣ: ಹಡಗುಗಳೆಲ್ಲ ಒಂದೇ ಗುಂಪಾಗಿ ಬರುತ್ತವೆ

ಐದು ಫೆರ್ರಿ ಬಿಟ್ಟಿದ್ದೀರಿ. ಐದೂ ಊರಜಾತ್ರೆಗೆ ಹೊರಟ ಗಾಡಿಗಳ ಹಾಗೆ ಸಾಲುಗಟ್ಟಿ ಬರುತ್ತವೆ. ಮೊದಲನೆಯದಕ್ಕೆ ಜನ, ಉಳಿದ ನಾಲ್ಕಕ್ಕೆ ಗಾಳಿ. ಒಂದು ಹಡಗು ಕೆಟ್ಟು ನಿಂತರೆ ಸಾಕು, ಹಿಂದಿನದು ಬಂದು ಸೇರಿಕೊಳ್ಳುತ್ತದೆ. ಆಮೇಲೆ ಅವು ಬೇರೆಯಾಗುವುದಿಲ್ಲ.

14ನೇ ಆವೃತ್ತಿಯಿಂದ ಇದಕ್ಕೆ ನೇರ ಮದ್ದಿದೆ. ದಾರಿಯಲ್ಲಿ ಒಂದು ಡಿಪೋ ಇಟ್ಟು, ಆರ್ಡರ್‌ನಲ್ಲಿ ಅದನ್ನು ಸೇರಿಸಿ 'ಅನ್‌ಬಂಚ್' ಆರಿಸಿ. ಆರ್ಡರ್ ಹಂಚಿಕೊಂಡ ಹಡಗುಗಳು ಡಿಪೋದಲ್ಲಿ ಸ್ವಲ್ಪ ಕಾದು, ಸಮ ಅಂತರದಲ್ಲಿ ಹೊರಡುತ್ತವೆ. ಆಗ ಹಡಗು ಡಿಪೋದಲ್ಲಿ ಸುಮ್ಮನೆ ನಿಂತಂತೆ ಕಂಡರೆ ಅದನ್ನೇ ಹೊಸ ದೋಷವೆಂದುಕೊಳ್ಳಬೇಡಿ. ಒಂದು ನಿರ್ಬಂಧ: 'ಫುಲ್ ಲೋಡ್' ಅಥವಾ ಷರತ್ತಿನ ಆರ್ಡರ್ ಇರುವ ಪಟ್ಟಿಯಲ್ಲಿ ಅನ್‌ಬಂಚ್ ಹಾಕಲು ಆಟ ಬಿಡುವುದಿಲ್ಲ. ಎಣ್ಣೆ ಹಡಗುಗಳಿಗೆ ಫುಲ್ ಲೋಡ್ ಬೇಕೇ ಬೇಕು, ಅಲ್ಲಿ ಗುಂಪಾಗುವುದು ಅಷ್ಟು ಹಾನಿಯೂ ಅಲ್ಲ, ಹಾಗಾಗಿ ಬಿಟ್ಟುಬಿಡಿ. ಇದು ಫೆರ್ರಿಗಳ ಮದ್ದು. ಹಳೆಯ ಆವೃತ್ತಿಯಾದರೆ ಟೈಮ್‌ಟೇಬಲ್ ತುಂಬಿಸಿ, 'ಸ್ಟಾರ್ಟ್ ಡೇಟ್' ಗುಂಡಿಯನ್ನು ಕಂಟ್ರೋಲ್ ಒತ್ತಿ ಕ್ಲಿಕ್ ಮಾಡಿ; ಹಂಚಿಕೊಂಡ ಹಡಗುಗಳ ಹೊರಡುವ ದಿನಾಂಕಗಳು ಸಮವಾಗಿ ಹರಡಿಕೊಳ್ಳುತ್ತವೆ.

ಲಕ್ಷಣ: ಪದೇ ಪದೇ ಕೆಟ್ಟು ಹೊಗೆ ಕಾರುತ್ತದೆ

ವಿಶ್ವಾಸಾರ್ಹತೆಯ ಅಂಕಿ ನೋಡಿ. ತೀರಾ ಕುಸಿದಿದ್ದರೆ ಸರ್ವಿಸ್ ಆಗುತ್ತಿಲ್ಲ. ಹಡಗುಗಳ ಸರ್ವಿಸ್ ಅವಧಿ ಮೂಲತಃ 360 ದಿನ, ರೈಲಿಗಿರುವ 150ಕ್ಕಿಂತ ಬಹಳ ಉದ್ದ. ಅವಧಿ ಮುಗಿದರೂ ಹಡಗು ಹತ್ತಿರದ ಡಿಪೋವನ್ನಷ್ಟೇ ಹುಡುಕುತ್ತದೆ. ದಾರಿಯಿಂದ ದೂರವಿರುವ ಡಿಪೋ ಇದ್ದೂ ಇಲ್ಲದಂತೆ. ಮೊದಲು ಅವಧಿ ತಗ್ಗಿಸಿ, ಅದಕ್ಕೆ ಕಾಸಿಲ್ಲ. ಆಮೇಲೆ ಸರಕು ಇಳಿಸುವ ಡಾಕ್‌ನ ಪಕ್ಕದಲ್ಲೇ ಒಂದು ಡಿಪೋ ಕಟ್ಟಿ ಆರ್ಡರ್‌ನಲ್ಲೇ ಸೇರಿಸಿ. ಮುದಿ ಹಡಗು ಎಂಬ ಸುದ್ದಿ ಬಂದಿದ್ದರೆ ಬದಲಿಸುವುದೇ ಸರಿ. ಆದರೆ ಒಂದು ಮಾರ್ಗದ ಕಟ್ಟಕಡೆಯ ಹಡಗನ್ನು ಮಾರಬೇಡಿ: ಅದರೊಂದಿಗೆ ಹಂಚಿಕೊಂಡ ಆರ್ಡರ್ ಪಟ್ಟಿಯೂ ಹೋಗುತ್ತದೆ. ಹೊಸದನ್ನು ಕಂಟ್ರೋಲ್ ಕ್ಲೋನ್ ಮಾಡಿಕೊಂಡ ಮೇಲೆ ಹಳೆಯದನ್ನು ಕಳಿಸಿ.

ಲಕ್ಷಣ: ಡಾಕ್‌ನಲ್ಲಿ ಜನ ತುಂಬಿದ್ದಾರೆ, ಫೆರ್ರಿ ಖಾಲಿ ಹೋಗುತ್ತದೆ

ಸೆಟ್ಟಿಂಗ್ಸ್‌ನಲ್ಲಿ ಸರಕು ವಿತರಣೆ, ಅಂದರೆ ಕಾರ್ಗೋಡಿಸ್ಟ್, 'ಮ್ಯಾನ್ಯುಯಲ್' ಇಲ್ಲದಿದ್ದರೆ ಮಾತ್ರ ಈ ಲಕ್ಷಣ ಕಾಣುತ್ತದೆ. ಆಗ ಪ್ರತಿ ಪ್ರಯಾಣಿಕನಿಗೂ ಹೋಗಬೇಕಾದ ಊರು ನಿಗದಿಯಾಗಿರುತ್ತದೆ. ನಿಲ್ದಾಣದ ಕಿಟಕಿಯಲ್ಲಿ ಕಾಯುತ್ತಿರುವವರ ಪಟ್ಟಿಯನ್ನು ಬಿಡಿಸಿ ನೋಡಿದರೆ ಯಾರು ಯಾವ ಕಡೆಗೆ ಎಂದು ತಿಳಿಯುತ್ತದೆ. ನೀವು ಇತ್ತೀಚೆಗೆ ನಿಲ್ಲಿಸಿದ ಮಾರ್ಗದ ಜನರೇ ಅಲ್ಲಿ ಕಾದಿರುತ್ತಾರೆ. ಹಳೆಯ ಕೊಂಡಿ ಕರಗಲು ಸಮಯ ಬೇಕು. ಅವಸರವಿದ್ದರೆ ಆ ಊರಿಗೆ ಒಂದು ಹಡಗನ್ನು ಕೆಲಕಾಲ ಮತ್ತೆ ಬಿಡಿ.

ಎಲ್ಲಿಗೆ ನಿಲ್ಲಿಸಬೇಕು, ಯಾವಾಗ ಸಹಾಯ ಕೇಳಬೇಕು

ಆರ್ಡರ್, ಸ್ವೀಕಾರ, ವ್ಯಾಪ್ತಿ, ನೀರಿನ ದಾರಿ ನಾಲ್ಕೂ ಸರಿಯೆಂದು ಕಣ್ಣಾರೆ ಖಚಿತವಾದ ಮೇಲೂ ಹಡಗು ಕೇಳದಿದ್ದರೆ ಅಗೆಯುವುದನ್ನು ನಿಲ್ಲಿಸಿ. ಮೊದಲು ಅದೇ ನಕ್ಷೆಯ ತೆರೆದ ಕಡಲಿನಲ್ಲಿ ಎರಡು ಡಾಕ್ ಕಟ್ಟಿ, ಆಟದ ಮೂಲ ಹಡಗೊಂದನ್ನು ಓಡಿಸಿ ನೋಡಿ. ಅದು ಸರಿಯಾಗಿ ಓಡಿ ನ್ಯೂಜಿಆರ್‌ಎಫ್ ಹಡಗು ಮಾತ್ರ ಓಡದಿದ್ದರೆ ಪ್ರಶ್ನೆ ಹೋಗಬೇಕಾದ್ದು ಆ ನ್ಯೂಜಿಆರ್‌ಎಫ್ ಮಾಡಿದವರಿಗೆ. ಮೂಲ ಹಡಗೂ ಓಡದಿದ್ದರೆ, ಅಥವಾ ಆಟವೇ ಮುಚ್ಚಿಕೊಂಡರೆ, ಅದು ಓಪನ್‌ಟಿಟಿಡಿ ತಂಡಕ್ಕೆ ಗಿಟ್‌ಹಬ್‌ನಲ್ಲಿ ತಿಳಿಸಬೇಕಾದ ದೋಷ. ಕೇಳುವಾಗ ಆವೃತ್ತಿ ಸಂಖ್ಯೆ, ನ್ಯೂಜಿಆರ್‌ಎಫ್ ಪಟ್ಟಿ ಮತ್ತು ಸೇವ್ ಕಡತ ಕೊಡಿ. ಆಟ ಕುಸಿದಿದ್ದರೆ ಅದರ ಕಡತಕೋಶದಲ್ಲಿ 'ಕ್ರ್ಯಾಶ್' ಹೆಸರಿನಲ್ಲಿ ಉಳಿದ ಕಡತಗಳನ್ನೂ ಜೊತೆಗೆ ಹಾಕಿ. ತೆರೆಚಿತ್ರ ಒಂದೇ ಕಳಿಸಿದರೆ ಎದುರಿನವರಿಗೆ ದಡದ ಮೂಲೆ ಎತ್ತರವೋ ತಗ್ಗೋ ಗೊತ್ತಾಗುವುದಿಲ್ಲ. ಹಲವರು ಸೇರಿ ಆಡುವ ಸರ್ವರ್‌ನಲ್ಲಾದರೆ ನೀವೇ ಕಾಲುವೆ ತೋಡಲು ಹೊರಡುವ ಮುನ್ನ ಸರ್ವರ್ ನಡೆಸುವವರನ್ನು ಕೇಳಿ. ಆ ಜಾಗದಲ್ಲಿ ಬೇರೆಯವರ ಯೋಜನೆ ಇರಬಹುದು.